ಉಗುರು ಬಣ್ಣದ ಪುಟ್ಟ ಶೀಶೆಗೂ ಪದಾರ್ಥಗಳ ಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂದು ಶಾಲೆಗಳ ವಾರ್ಷಿಕೋತ್ಸವ ಶುರುವಾಯಿತೆಂದರೆ, ನಮ್ಮಂಥ ಬಳೆ ಮತ್ತು ಫ್ಯಾನ್ಸಿ ಅಂಗಡಿಗಳಲ್ಲಿ ಹೇರ್‌ಬ್ಯಾಂಡು, ಕ್ಲಿಪ್ಪುಗಳ ಜೊತೆಗೆ ಬೇಗ ಬೇಗ ಖಾಲಿಯಾಗುವ ಸಾಮಾನು ನೇಲ್ ಪಾಲಿಶ್. ಕೊಳ್ಳಲು ಬರುವ ತಾಯಂದಿರಲ್ಲಿ ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. ಮೊದಲೆಲ್ಲ ಶೇಡ್ ನೋಡಿ, ದರ ಕೇಳಿ ಒಯ್ಯುತ್ತಿದ್ದವರು ಈಗ ‘ಮಗುವಿನ ಕೈಗೆ ಹಚ್ಚುವುದು, ಕೆಮಿಕಲ್ ಇಲ್ಲದ್ದು ಕೊಡಿ’ ಎನ್ನುತ್ತಾರೆ. ಕೇಳಬೇಕಾದ ಮಾತೇ. ಆದರೆ ಕೈಯಲ್ಲಿರುವ ಶೀಶೆಯನ್ನು ತಿರುಗಿಸಿ ನೋಡಿ ಅವರಿಗೆ ಉತ್ತರ ಹೇಳುವುದು ಬಹಳಷ್ಟು ಸಲ ಸಾಧ್ಯವಾಗುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಶೀಶೆಗಳ ಮೇಲೆ ಒಳಗೆ ಏನಿದೆಯೆಂದು ಬರೆದೇ ಇರುವುದಿಲ್ಲ, ಬರೆಯಬೇಕೆಂಬ ಕಡ್ಡಾಯವೂ ನಮ್ಮ ಕಾನೂನಿನಲ್ಲಿಲ್ಲ. ಅಂಗಡಿಯವಳಾಗಿ, ರಸಾಯನಶಾಸ್ತ್ರವನ್ನು ಪದವಿಯವರೆಗೆ ಓದಿದವಳಾಗಿ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದೆಯೂ ಸಂಬಂಧಪಟ್ಟವರ ಮುಂದೆಯೂ ಇಡಬಯಸುತ್ತೇನೆ.

ನೇಲ್ ಪಾಲಿಶ್ ನಮ್ಮಲ್ಲಿ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಅಡಿಯಲ್ಲಿ ಬರುತ್ತದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸೌಂದರ್ಯವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿತು. ಅದರ ಪ್ರಕಾರ, ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿಯೂ ಉಳಿದವನ್ನು ಅವುಗಳ ನಂತರವೂ ಲೇಬಲ್ಲಿನ ಮೇಲೆ ಬರೆಯಬೇಕು. ಒಳ್ಳೆಯ ನಿಯಮ. ಆದರೆ ಅದರ ಬಾಲಕ್ಕೆ ಹಳೆಯ ನಿಯಮಗಳ ಕಾಲದಿಂದಲೂ ಒಂದು ವಿನಾಯಿತಿ ಅಂಟಿಕೊಂಡಿದೆ: 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೆ, 30 ಗ್ರಾಮಿಗಿಂತ ಕಡಿಮೆಯ ಘನ ಅಥವಾ ಅರೆಘನ ವಸ್ತುವಿಗೆ ಈ ಪಟ್ಟಿ ಬೇಕಿಲ್ಲ. ನೇಲ್ ಪಾಲಿಶ್ ಶೀಶೆಯೆಂದರೆ ಸಾಮಾನ್ಯವಾಗಿ 5ರಿಂದ 15 ಮಿಲಿಲೀಟರ್. 60 ಮಿಲಿಲೀಟರಿನ ನೇಲ್ ಪಾಲಿಶ್ ಶೀಶೆಯನ್ನು ನಾನಂತೂ ನೋಡಿಲ್ಲ. ಹೀಗಾಗಿ ವಿನಾಯಿತಿಯು ಪೊಟ್ಟಣದ ಗಾತ್ರಕ್ಕೆ ಕೊಟ್ಟದ್ದಾದರೂ, ಲಾಭವಾದದ್ದು ಒಂದಿಡೀ ಬಗೆಯ ಸಾಮಾನಿಗೆ. ಲಿಪ್‌ಸ್ಟಿಕ್ಕು, ಕಾಡಿಗೆಗಳೂ ಇದೇ ಸಾಲಿನಲ್ಲಿವೆ, ಅದು ಬೇರೆಯದೇ ಪತ್ರಕ್ಕೆ ಆಗುವಷ್ಟಿದೆ. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಶೀಶೆಯ ತಳದಲ್ಲೋ ಹೊರಪೆಟ್ಟಿಗೆಯ ಮೇಲೋ ಪಟ್ಟಿ ಮುದ್ರಿಸುತ್ತವೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಆದರೆ ಅದು ಅವರ ಸೌಜನ್ಯ, ಕೊಳ್ಳುವವರ ಹಕ್ಕಲ್ಲ.

ಪಟ್ಟಿ ಏಕೆ ಬೇಕೆಂದು ತಿಳಿಯಲು ಶೀಶೆಯೊಳಗೆ ಏನಿರುತ್ತದೆಂದು ತಿಳಿಯಬೇಕು. ಸಾಧಾರಣ ನೇಲ್ ಪಾಲಿಶ್ಶಿನಲ್ಲಿ ಒಣಗಿದ ಮೇಲೆ ಗಟ್ಟಿಪೊರೆಯಾಗಿ ಉಳಿಯುವುದು ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಿಡುವುದು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ಗಳಂಥ ಬೇಗ ಹಾರುವ ದ್ರಾವಕಗಳು. ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆ ಇವುಗಳದೇ. ಪೊರೆ ಉಗುರಿಗೆ ಹಿಡಿದು ಹೊಳೆಯಲೆಂದು ಒಂದು ರಾಳ, ಬಿರುಕು ಬಿಡದೆ ಬಾಗಲೆಂದು ಒಂದು ಮೆದುಕಾರಿ, ಮೇಲೆ ಬಣ್ಣ. ತಕರಾರು ಇರುವುದು ಹೆಚ್ಚಾಗಿ ದ್ರಾವಕ, ರಾಳ, ಮೆದುಕಾರಿ ಈ ಮೂರರಲ್ಲಿ. ಟಾಲ್ಯೂಯೀನ್ ಎಂಬ ದ್ರಾವಕದ ಆವಿ ತಲೆನೋವು, ತಲೆಸುತ್ತು ತರುತ್ತದೆ, ಸತತವಾಗಿ ಉಸಿರಾಡಿದರೆ ನರಮಂಡಲಕ್ಕೆ ಹಾನಿ. ಯೂರೋಪಿನ ಒಕ್ಕೂಟವು ಅದನ್ನು ಉಗುರಿನ ಸಾಮಾನುಗಳಲ್ಲಿ ಮಾತ್ರ, ಶೇಕಡಾ 25ರ ಮಿತಿಯೊಳಗೆ ಬಿಟ್ಟುಕೊಟ್ಟು, ಮಕ್ಕಳ ಕೈಗೆ ಸಿಗದಂತೆ ಇಡಬೇಕು, ದೊಡ್ಡವರು ಮಾತ್ರ ಬಳಸಬೇಕು ಎಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ರಾಳದ ತಯಾರಿಕೆಗೆ ಬಳಸುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮೊದಲ ಗುಂಪಿಗೆ ಸೇರಿಸಿರುವ ವಸ್ತು. ಡೈಬ್ಯುಟೈಲ್ ಥ್ಯಾಲೇಟ್ ಎಂಬ ಮೆದುಕಾರಿಯು ಸಂತಾನಶಕ್ತಿಗೆ ಅಪಾಯವೆಂಬ ಕಾರಣಕ್ಕೆ ಯೂರೋಪಿನಲ್ಲಿ 2004ರಲ್ಲೇ ಸೌಂದರ್ಯವರ್ಧಕಗಳಿಂದ ಹೊರಹೋಯಿತು. ಅದರ ಜಾಗಕ್ಕೆ ಹಲವು ಕಂಪನಿಗಳು ತಂದದ್ದು ಟ್ರೈಫಿನೈಲ್ ಫಾಸ್ಫೇಟ್.

ಇದರ ಮೇಲೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಒಂದು ಪರಿಸರ ಸಂಸ್ಥೆಯ ಜೊತೆ ಸೇರಿ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಹೊರಬಂತು. 26 ಮಹಿಳೆಯರು ಭಾಗವಹಿಸಿದ್ದ ಆ ಪರೀಕ್ಷೆಯಲ್ಲಿ, ಪಾಲಿಶ್ ಹಚ್ಚಿಕೊಂಡ 10ರಿಂದ 14 ಗಂಟೆಗಳ ನಂತರ ಮೂತ್ರದಲ್ಲಿ ಆ ರಾಸಾಯನಿಕದ ಕುರುಹು ಸುಮಾರು ಏಳು ಪಟ್ಟು ಏರಿತ್ತು. ಕೈಗೆ ಗ್ಲೌಸ್ ತೊಟ್ಟು, ಕೃತಕ ಉಗುರಿಗೆ ಹಚ್ಚಿದಾಗ ಅಂಥ ಏರಿಕೆ ಕಾಣಲಿಲ್ಲ. ಅಂದರೆ ಮೂಗಿನ ಮೂಲಕ ಹೋದದ್ದಕ್ಕಿಂತ ಉಗುರು ಮತ್ತು ಅದರ ಸುತ್ತಲಿನ ಚರ್ಮದ ಮೂಲಕ ಹೋದದ್ದೇ ಹೆಚ್ಚು. ಉಗುರೆಂದರೆ ಸತ್ತ ಭಾಗ, ಅದಕ್ಕೆ ಏನು ಬಳಿದರೇನು ಎಂದು ಅಂಗಡಿಗೆ ಬರುವ ಹಿರಿಯರು ಹೇಳುವುದುಂಟು. ಈ ಪರೀಕ್ಷೆಯ ಮುಂದೆ ಆ ಮಾತು ನಿಲ್ಲುವುದಿಲ್ಲ. ಏಳು ಪಟ್ಟು ಏರಿತೆಂದ ಮಾತ್ರಕ್ಕೆ ಯಾರಿಗೂ ಕಾಯಿಲೆ ಬಂತೆಂದು ಅರ್ಥವಲ್ಲ, ಅದನ್ನೂ ಹೇಳಬೇಕು. ದೇಹದೊಳಗೆ ಹೋಗುತ್ತದೆ ಎಂಬುದಷ್ಟೇ ಅಲ್ಲಿ ಸಾಬೀತಾದದ್ದು. ಒಳಗೆ ಹೋಗುವ ವಸ್ತು ಯಾವುದೆಂದು ತಿಳಿಯುವ ಹಕ್ಕು ಹಚ್ಚಿಕೊಳ್ಳುವವರಿಗೆ ಇರಬೇಕೆನ್ನಲು ನನಗೆ ಅಷ್ಟೇ ಸಾಕು.

ಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ದೇಹದ ತೂಕ ಕಡಿಮೆಯಾದ್ದರಿಂದ ಅಷ್ಟೇ ಪ್ರಮಾಣದ ವಸ್ತು ಅವರಿಗೆ ಹೆಚ್ಚಾಗುತ್ತದೆ. ಎಳೆಯ ಮಕ್ಕಳು ಬೆರಳು ಚೀಪುತ್ತಾರೆ, ಸ್ವಲ್ಪ ದೊಡ್ಡವರು ಉಗುರು ಕಚ್ಚುತ್ತಾರೆ. ನಮ್ಮ ಮನೆಗಳಲ್ಲಿ ಅನ್ನ ಕಲಸುವುದೂ ಮುದ್ದೆ ಮುರಿಯುವುದೂ ಕೈಯಿಂದಲೇ. ಹಚ್ಚಿದ ಎರಡು ಮೂರು ದಿನಕ್ಕೆ ಅಂಚಿನಿಂದ ಎದ್ದು ಬರುವ ಬಣ್ಣದ ಚಕ್ಕೆ ತುತ್ತಿನ ಜೊತೆ ಹೊಟ್ಟೆಗೆ ಹೋಗುವುದು ಚಮಚದಲ್ಲಿ ತಿನ್ನುವ ದೇಶದ ಮಕ್ಕಳಿಗಿಂತ ನಮ್ಮ ಮಕ್ಕಳಲ್ಲಿ ಸುಲಭ. ಬಲಗೈಗೆ ಬೇಡ, ಎಡಗೈಗಷ್ಟೇ ಇರಲಿ ಎಂದು ಹಿಂದಿನವರು ಹೇಳುತ್ತಿದ್ದುದರಲ್ಲಿ ಸಾಕಷ್ಟು ವಿವೇಕವಿತ್ತು. ನನ್ನ ಅಂಗಡಿಗೆ ಬರುವ ತಾಯಂದಿರಿಗೆ ನಾನು ಈಗಲೂ ಹೇಳುವುದು ಅದನ್ನೇ.

ಅಲರ್ಜಿಯ ಕುರಿತು ಒಂದು ವಿಚಿತ್ರವನ್ನು ಹೇಳಬೇಕು. ಪಾಲಿಶ್ಶಿನ ರಾಳಗಳಲ್ಲಿ ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ಎಂಬುದೊಂದಿದೆ. ಅದು ಒಗ್ಗದವರಿಗೆ ದದ್ದು ಏಳುವುದು ಹೆಚ್ಚಾಗಿ ಬೆರಳಿನಲ್ಲಿ ಅಲ್ಲ. ರೆಪ್ಪೆ ಊದಿಕೊಳ್ಳುತ್ತದೆ, ಕುತ್ತಿಗೆಯ ಪಕ್ಕದಲ್ಲಿ, ಗಲ್ಲದ ಕೆಳಗೆ ಕೆಂಪಗೆ ತುರಿಕೆ ಏಳುತ್ತದೆ. ಉಗುರಿನ ತಟ್ಟೆ ದಪ್ಪ, ಬೆರಳ ತುದಿಯ ಚರ್ಮವೂ ದಪ್ಪ, ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಹೆಚ್ಚೇನೂ ಆಗುವುದಿಲ್ಲ. ಆ ಬೆರಳು ಪದೇ ಪದೇ ಮುಟ್ಟುವ ತೆಳು ಚರ್ಮದಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ. ನಿದ್ದೆಗಣ್ಣು ಉಜ್ಜುವ ಮಗುವಿಗೆ ರೆಪ್ಪೆ ಊದಿದಾಗ ಕಾಡಿಗೆ, ಸೋಪು, ಧೂಳು, ಸೊಳ್ಳೆಬತ್ತಿ ಎಲ್ಲದರ ಮೇಲೆ ಗುಮಾನಿ ಬರುತ್ತದೆ, ಉಗುರಿನ ಬಣ್ಣ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಚರ್ಮವೈದ್ಯರು ಕೇಳಿದಾಗ ತೋರಿಸಲು ಶೀಶೆಯ ಮೇಲೆ ಪಟ್ಟಿ ಇದ್ದಿದ್ದರೆ ಎಷ್ಟೊಂದು ಓಡಾಟ ತಪ್ಪುತ್ತಿತ್ತು!

ಪಟ್ಟಿಯ ಬದಲು ಈಗ ಮಾರುಕಟ್ಟೆ ನಮಗೆ ಕೊಟ್ಟಿರುವುದು ‘3 ಫ್ರೀ’, ‘5 ಫ್ರೀ’, ‘10 ಫ್ರೀ’ ಎಂಬ ಮುದ್ರೆಗಳನ್ನು. ಮೂರು ಎಂದರೆ ಸಾಮಾನ್ಯವಾಗಿ ಮೇಲೆ ಹೇಳಿದ ಟಾಲ್ಯೂಯೀನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಇಲ್ಲ ಎಂದು. ಐದು ಎಂದರೆ ಫಾರ್ಮಾಲ್ಡಿಹೈಡ್ ರಾಳವೂ ಕರ್ಪೂರವೂ ಇಲ್ಲ ಎಂದು. ಕರ್ಪೂರ ಏಕೆ ಎಂದು ಆಶ್ಚರ್ಯಪಡುವವರಿಗೆ, ಅದೂ ಪಾಲಿಶ್ಶಿನಲ್ಲಿ ಮೆದುಕಾರಿಯೇ. ಮಂಗಳಾರತಿಯ ಕರ್ಪೂರವನ್ನು ನುಂಗಿ ಫಿಟ್ಸ್ ಬಂದ ಮಕ್ಕಳನ್ನು ನಮ್ಮ ಮಕ್ಕಳ ವೈದ್ಯರು ನೋಡಿಯೇ ಇರುತ್ತಾರೆ, ಆದರೂ ಪಾಲಿಶ್ಶಿನಲ್ಲಿರುವ ಪ್ರಮಾಣ ಅಷ್ಟಿರುವುದಿಲ್ಲ. ಐದರ ಆಚೆಗಿನ ಎಂಟು, ಹತ್ತು, ಹದಿಮೂರುಗಳಿಗೆ ಒಬ್ಬೊಬ್ಬರ ಲೆಕ್ಕ ಒಂದೊಂದು, ಏಕೆಂದರೆ ಈ ಅಂಕಿಗಳಿಗೆ ಕಾನೂನಿನ ವ್ಯಾಖ್ಯಾನವಿಲ್ಲ. ಕ್ಯಾಲಿಫೋರ್ನಿಯಾದ ವಿಷವಸ್ತು ನಿಯಂತ್ರಣ ಇಲಾಖೆಯು 2012ರಲ್ಲಿ ಸಲೂನ್‌ಗಳಿಗೆ ಹೋಗುವ ಪಾಲಿಶ್‌ಗಳನ್ನು ತರಿಸಿ ಪರೀಕ್ಷಿಸಿದಾಗ, ಟಾಲ್ಯೂಯೀನ್ ಇಲ್ಲವೆಂದು ಹೇಳಿಕೊಂಡಿದ್ದ 12ರಲ್ಲಿ 10 ಶೀಶೆಗಳಲ್ಲಿ ಅದು ಇತ್ತು. ಸರ್ಕಾರಿ ಪ್ರಯೋಗಾಲಯದ ಕಣ್ಣು ಬಿದ್ದ ಊರಿನಲ್ಲೇ ಹೀಗಾದರೆ, ಯಾರೂ ಪರೀಕ್ಷಿಸದ ಊರಿನಲ್ಲಿ ಮುದ್ರೆಯ ಬೆಲೆ ಎಷ್ಟೆಂದು ಓದುಗರೇ ಊಹಿಸಿಕೊಳ್ಳಬಹುದು. ‘ಕಿಡ್ಸ್’ ಎಂಬ ಮುದ್ರೆಯದೂ ಅದೇ ಕಥೆ. ಕಾರ್ಟೂನಿನ ಚಿತ್ರ, ಗುಲಾಬಿ ಮುಚ್ಚಳ, ಸ್ಟ್ರಾಬೆರಿ ಪರಿಮಳ ಇದ್ದ ಮಾತ್ರಕ್ಕೆ ಒಳಗಿನ ದ್ರಾವಕ ಬದಲಾಗಿರುವುದಿಲ್ಲ. ಹಣ್ಣಿನ ಪರಿಮಳ ಇರುವುದು ನನಗಂತೂ ಇನ್ನೂ ಕೆಟ್ಟದ್ದೆನ್ನಿಸುತ್ತದೆ, ಬಾಯಿಗೆ ಹಾಕಿಕೋ ಎಂದು ಮಗುವನ್ನು ಕರೆದಂತೆ.

ಹಾಗಿದ್ದರೆ ಕೊಳ್ಳುವುದು ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಮಕ್ಕಳಿಗೆ ಹಚ್ಚಲೇಬೇಕಾದರೆ ನೀರಿನ ಆಧಾರದ ಪಾಲಿಶ್ ಇದ್ದುದರಲ್ಲಿ ಉತ್ತಮ. ಅದರಲ್ಲಿ ಪೊರೆಯಾಗುವುದು ಅಕ್ರಿಲಿಕ್ ಪಾಲಿಮರ್, ಕರಗಿಸಿಡುವುದು ಬಹುಮಟ್ಟಿಗೆ ನೀರು. ಗುರುತಿಸಲು ಮೂಗೇ ಸಾಕು: ಮುಚ್ಚಳ ತೆಗೆದರೆ ಪೇಂಟ್ ಅಂಗಡಿಯ ವಾಸನೆ ಬರಬಾರದು. ಒಣಗಲು ಸಾಧಾರಣ ಪಾಲಿಶ್ಶಿಗಿಂತ ಹೆಚ್ಚು ಹೊತ್ತು ಬೇಕು, ಹೊಳಪು ಕಡಿಮೆ, ಪಾತ್ರೆ ತೊಳೆದರೆ, ಸ್ನಾನ ಮಾಡಿದರೆ ಬೇಗ ಏಳುತ್ತದೆ. ಗ್ರಾಹಕರು ದೂರುವುದೂ ಇದನ್ನೇ. ಆದರೆ ಮಗುವಿನ ಮಟ್ಟಿಗೆ ಬೇಗ ಏಳುವುದು ಗುಣವೇ ಸರಿ, ರಿಮೂವರ್ ಇಲ್ಲದೆ ಬಿಸಿನೀರು, ಸೋಪಿನಲ್ಲಿ ಹೋಗುತ್ತದಲ್ಲ. ಇದರಲ್ಲೇ ಸಿಪ್ಪೆಯಂತೆ ಸುಲಿಯುವ ಬಗೆಯೊಂದಿದೆ. ಉಗುರನ್ನು ಬಾಯಿಗೆ ಒಯ್ಯುವ ವಯಸ್ಸಿನವರಿಗೆ ಅದು ಸಲ್ಲದು, ಸುಲಿದ ಚೂರು ನೇರ ಬಾಯಿಗೇ ಹೋಗುತ್ತದೆ. ನೀರಿನ ಆಧಾರದ್ದೆಂದರೆ ಪೂರ್ತಿ ನಿರಪಾಯವೂ ಅಲ್ಲ. ನೀರಿದ್ದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದರಿಂದ ಕೆಡದಂತೆ ಏನನ್ನಾದರೂ ಸೇರಿಸಲೇಬೇಕು. ಅಂಥವುಗಳಲ್ಲಿ ಮೀಥೈಲ್ ಐಸೋಥಯಾಜೋಲಿನೋನ್ ಎಂಬುದು ಅಲರ್ಜಿಗೆ ಹೆಸರಾಗಿ, ಮೈಮೇಲೆ ಉಳಿಯುವ ಸಾಮಾನುಗಳಲ್ಲಿ ಅದನ್ನು ಯೂರೋಪು ನಿಷೇಧಿಸಿದೆ. ಮತ್ತೆ ಪಟ್ಟಿಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಪಟ್ಟಿ ಮುದ್ರಿಸದ ಶೀಶೆಯನ್ನು, ಅದು ಎಷ್ಟೇ ಮುದ್ದಾಗಿರಲಿ, ಮಕ್ಕಳಿಗೆಂದು ಕೊಳ್ಳಬೇಡಿ ಎನ್ನುವುದೇ ನನ್ನ ಸಲಹೆ. ಅಂಥದ್ದನ್ನು ಮಕ್ಕಳಿಗೆಂದು ಕೇಳಿದವರಿಗೆ ನಾನು ಕೊಡುವುದೂ ಇಲ್ಲ.

ಪಟ್ಟಿಗೆ ವಿನಾಯಿತಿಯಿದ್ದರೂ ಉಳಿದ ಮುಖ್ಯ ವಿವರಗಳಿಗೆ ಇಲ್ಲವೆಂಬುದನ್ನು ಜಾತ್ರೆಗೆ ಹೋಗುವವರು ನೆನಪಿಡಬೇಕು. ತಯಾರಕರ ಹೆಸರು, ತಯಾರಾದ ಸ್ಥಳ, ಪರವಾನಗಿ ಸಂಖ್ಯೆ, ಎಂದಿನೊಳಗೆ ಬಳಸಬೇಕೆಂಬ ದಿನಾಂಕ ಇರಲೇಬೇಕು. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆಯೂ ಆಮದು ಮಾಡಿದವರ ವಿಳಾಸವೂ ಇರಬೇಕು. ನಮ್ಮ ಶಿರಸಿಯ ಮಾರಿಕಾಂಬೆಯ ಜಾತ್ರೆಯಂಥ ದೊಡ್ಡ ಜಾತ್ರೆಗಳ ಬಳೆಪೇಟೆಯಲ್ಲಿ ಸುತ್ತಿದರೆ, ಹೆಸರಾಂತ ಬ್ರಾಂಡಿನ ಒಂದು ಅಕ್ಷರ ಮಾತ್ರ ಬದಲಿಸಿದ, ಊರು, ಪರವಾನಗಿ ಯಾವುದೂ ಇಲ್ಲದ ಶೀಶೆಗಳು ಡಜನ್ ಬಾಕ್ಸಿನಲ್ಲಿ ಕುಳಿತಿರುತ್ತವೆ. ಬಣ್ಣಗಳಲ್ಲಿ ಸೀಸ 20 ಪಿಪಿಎಂ (ಅಂದರೆ ಹತ್ತು ಲಕ್ಷದಲ್ಲಿ 20 ಭಾಗ), ಆರ್ಸೆನಿಕ್ 2 ಪಿಪಿಎಂ ಮೀರಬಾರದೆಂದು ನಮ್ಮ ನಿಯಮಗಳು ಹೇಳುತ್ತವೆ. ತಯಾರಕನೇ ಯಾರೆಂದು ಗೊತ್ತಿಲ್ಲದ ಶೀಶೆಯಲ್ಲಿ ಅದನ್ನು ಯಾರು ಪಾಲಿಸಿರುತ್ತಾರೆ? ಆಟಿಕೆಯ ಮೇಕಪ್ ಸೆಟ್ಟುಗಳಲ್ಲಿ ಬರುವ ಪುಟ್ಟ ಶೀಶೆಗಳ ವಿಷಯವೂ ಇಷ್ಟೇ. ಆಟಿಕೆಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಸಂತೋಷ. ಆದರೆ ಮೈಗೆ ಹಚ್ಚಿಕೊಂಡು ಅಂದ ಕಾಣಲೆಂದು ಮಾಡಿದ ವಸ್ತು ಯಾವ ಪೆಟ್ಟಿಗೆಯಲ್ಲಿ ಬಂದರೂ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕವೇ, ಪರವಾನಗಿ ಸಂಖ್ಯೆ ಅದಕ್ಕೂ ಬೇಕು. ನಮ್ಮ ವ್ಯಾಪಾರದವರೇ ಬೇಸರಪಡಬಹುದಾದ ಇನ್ನೊಂದು ಮಾತು: ಗಟ್ಟಿಯಾದ ಹಳೆಯ ಶೀಶೆಗೆ ಥಿನ್ನರ್ ಹನಿಸಿ, ಅಲ್ಲಾಡಿಸಿ, ಹೊಸದರ ಸಾಲಿನಲ್ಲಿಡುವ ರೂಢಿ ಕೆಲವೆಡೆ ಇದೆ. ಮುಚ್ಚಳದ ಕತ್ತಿನಲ್ಲಿ ಒಣಗಿದ ಬಣ್ಣದ ಉಂಗುರ ಕಂಡರೆ ಅಂಥ ಶೀಶೆಯನ್ನು ಅಲ್ಲೇ ಬಿಟ್ಟುಬನ್ನಿ.

ಪಾಲಿಶ್ಶಿಗಿಂತ ದೊಡ್ಡ ಅಪಾಯ ಅದರ ಪಕ್ಕದಲ್ಲೇ ಇರುವ ರಿಮೂವರ್. ಅಮೆರಿಕದಲ್ಲಿ 2002ರಿಂದ 2016ರವರೆಗೆ ಸೌಂದರ್ಯ ಮತ್ತು ಶುಚಿತ್ವದ ಸಾಮಾನುಗಳಿಂದ ತೊಂದರೆಗೊಳಗಾಗಿ ತುರ್ತು ಚಿಕಿತ್ಸೆಗೆ ಬಂದ, ಐದು ವರ್ಷದೊಳಗಿನ 64 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದಾಗ, ಒಂದೇ ಸಾಮಾನಾಗಿ ಮೊದಲ ಸ್ಥಾನದಲ್ಲಿದ್ದುದು ಇದೇ. ಬಣ್ಣವಿಲ್ಲದ, ನೀರಿನಂತೆ ಕಾಣುವ ದ್ರವವನ್ನು ಮಗು ಕುಡಿಯುವುದು ಸಹಜ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ, ಶೀಶೆಯನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಓಡಬೇಕು. ಸಾಧಾರಣ ರಿಮೂವರ್‌ನಲ್ಲಿರುವುದು ಅಸಿಟೋನ್. ಕೃತಕ ಉಗುರು ಬಿಡಿಸಲು ಹಿಂದೆ ವಿದೇಶಗಳಲ್ಲಿ ಬಳಸುತ್ತಿದ್ದ ಅಸಿಟೋನೈಟ್ರೈಲ್ ದೇಹದೊಳಗೆ ಸಯನೈಡ್ ಆಗಿ ಮಾರ್ಪಟ್ಟು ಮಗುವಿನ ಪ್ರಾಣ ತೆಗೆದದ್ದೂ ವೈದ್ಯಕೀಯ ದಾಖಲೆಯಲ್ಲಿದೆ. ಅಸಿಟೋನೂ ಪಾಲಿಶ್ಶೂ ಎರಡೂ ಬೇಗ ಹೊತ್ತಿಕೊಳ್ಳುವಂಥವು. ದೀಪಾವಳಿಯ ಸಂಜೆ ಹಣತೆಗಳ ಪಕ್ಕ ಕೂರಿಸಿಕೊಂಡು ಮಗುವಿಗೆ ಉಗುರು ಬಣ್ಣ ಹಚ್ಚುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಣಗಲೆಂದು ಮಗುವಿನಿಂದ ಬಾಯಲ್ಲಿ ಊದಿಸುವುದೂ ಬೇಡ, ಊದಿ ಉಸಿರೆಳೆದುಕೊಳ್ಳುವಾಗ ಆವಿಯೆಲ್ಲ ಒಳಗೇ ಹೋಗುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಿದರಾಯಿತು.

ಮದುವೆಮನೆಗಳ ಹಿಂದಿನ ದಿನ ಪಾರ್ಲರ್‌ಗಳಲ್ಲಿ ಹತ್ತು ಹನ್ನೆರಡರ ಹುಡುಗಿಯರಿಗೂ ಜೆಲ್ ಪಾಲಿಶ್ ಹಾಕಿಸುವ ಹೊಸ ಚಾಳಿಯೊಂದು ಬಂದಿದೆ. ಅದು ಬೇರೆಯೇ ಜಾತಿಯದು. ನೇರಳಾತೀತ ದೀಪದಡಿ ಗಟ್ಟಿಯಾಗುವ ಅಕ್ರಿಲೇಟ್‌ಗಳು ಅದರಲ್ಲಿರುತ್ತವೆ. ಪೂರ್ತಿ ಗಟ್ಟಿಯಾಗದೆ ಚರ್ಮಕ್ಕೆ ತಗುಲಿದರೆ ಅಲರ್ಜಿ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದ್ದು ಸಾಮಾನ್ಯವಾಗಿ ಜೀವನಪರ್ಯಂತ. ಮುಂದೆಂದೋ ಹಲ್ಲಿಗೆ ಫಿಲ್ಲಿಂಗ್ ಮಾಡಿಸುವಾಗಲೂ ಅದೇ ಬಗೆಯ ವಸ್ತು ಎದುರಾಗುತ್ತದೆ. ಜೆಲ್ಲನ್ನು ಗಟ್ಟಿ ಮಾಡಲು ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯೂರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಮಕ್ಕಳಿಗೆ ಜೆಲ್ ಬೇಡವೇ ಬೇಡ.

ಇಷ್ಟೆಲ್ಲ ರಗಳೆ ಏಕೆ, ನಮ್ಮ ಮದರಂಗಿ ಇಲ್ಲವೇ ಎಂದು ಕೇಳುವವರಿದ್ದಾರೆ. ಹಿತ್ತಲಿನ ಸೊಪ್ಪನ್ನು ಅರೆದು ಹಚ್ಚಿದರೆ ಬಹುಮಟ್ಟಿಗೆ ಅವರ ಮಾತು ಸರಿ. ಕಪ್ಪಗೆ, ಅರ್ಧ ಗಂಟೆಯಲ್ಲೇ ಬಣ್ಣ ಕೊಡುತ್ತದೆನ್ನುವ ಕೋನುಗಳಲ್ಲಿ ತಲೆಗೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಬೆರೆತಿರುವ ಸಾಧ್ಯತೆಯಿರುತ್ತದೆ, ಅದರಿಂದ ಚರ್ಮ ಗುಳ್ಳೆಯೇಳುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಎಳೆಗೂಸುಗಳಿಗೆ ಶುದ್ಧ ಮದರಂಗಿಯೂ ಆಗದು, ರಕ್ತದ ಕೆಂಪುಕಣಗಳು ಒಡೆಯಬಹುದು. ಬಾಣಂತಿ ಕೋಣೆಯಲ್ಲಿ ಕೂಸಿನ ಅಂಗೈಗೆ ಮದರಂಗಿ ಇಡುವವರು ಮಕ್ಕಳ ವೈದ್ಯರನ್ನು ಕೇಳಿಯೇ ಇಡುವುದು ಲೇಸು.

ಈಗ ಮನವಿಯ ವಿಷಯ. ಚಿಕ್ಕ ಶೀಶೆಯ ಮೇಲೆ ಅಷ್ಟೊಂದು ಬರೆಯಲು ಜಾಗವೆಲ್ಲಿ ಎಂಬುದೇ ವಿನಾಯಿತಿಗಿರುವ ಸಮರ್ಥನೆ. ಯೂರೋಪಿನಲ್ಲಿ ಇದೇ ಅಳತೆಯ ಶೀಶೆಗಳಿಗೆ ಈ ಪ್ರಶ್ನೆ ಎಂದೋ ಬಗೆಹರಿದಿದೆ. ಶೀಶೆಯ ಮೇಲೆ ಜಾಗವಿಲ್ಲದಿದ್ದರೆ ಜೊತೆಗಿಟ್ಟ ಚೀಟಿ, ಬಿಡಿಸಿ ಓದುವ ಪಟ್ಟಿ ಅಥವಾ ಕಟ್ಟಿದ ಕಾರ್ಡಿನಲ್ಲಿ ಪದಾರ್ಥಗಳಿರಬೇಕು, ಅದೂ ಸಾಧ್ಯವಾಗದಷ್ಟು ಚಿಕ್ಕದಾದರೆ ಮಾರುವ ಜಾಗದಲ್ಲಿ ಗ್ರಾಹಕರಿಗೆ ಕಾಣುವಂತೆ ಹಾಕಿರಬೇಕು ಎಂದು ಅಲ್ಲಿನ ನಿಯಮ. ನಮ್ಮಲ್ಲಿ ನೇಲ್ ಪಾಲಿಶ್ ಡಜನ್ ಲೆಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ, ಆ ಪೆಟ್ಟಿಗೆಯ ಮುಚ್ಚಳವನ್ನೇ ಮೇಲೆತ್ತಿ ನಾವು ಕೌಂಟರಿನಲ್ಲಿ ನಿಲ್ಲಿಸುತ್ತೇವೆ. ಮುಚ್ಚಳದ ಒಳಮೈಯಲ್ಲಿ ಈಗ ರೂಪದರ್ಶಿಯ ಚಿತ್ರವಿರುತ್ತದೆ. ಅದರ ಅರ್ಧ ಜಾಗ ಕೊಟ್ಟರೆ ಪದಾರ್ಥಗಳ ಪಟ್ಟಿ ಕನ್ನಡದಲ್ಲೂ ಹಿಡಿಸುತ್ತದೆ. ನಿಯಮ ತಿದ್ದುವುದು ಕೇಂದ್ರ ಆರೋಗ್ಯ ಸಚಿವಾಲಯದ ಕೈಯಲ್ಲಿದೆ, ಅದಕ್ಕೆ ಔಷಧ ತಾಂತ್ರಿಕ ಸಲಹಾ ಮಂಡಳಿಯ ಅಭಿಪ್ರಾಯ ಬೇಕು. 60 ಮಿಲಿಲೀಟರಿನ ವಿನಾಯಿತಿಯಿಂದ ಉಗುರಿನ ಸಾಮಾನುಗಳನ್ನು, ಮೊದಲಿಗೆ ಮಕ್ಕಳಿಗೆಂದು ಮಾರುವಂಥವನ್ನಾದರೂ, ಹೊರಗಿಡುವಂತೆ ರಾಜ್ಯದ ಸಂಸದರು ಈ ವಿಷಯವನ್ನು ಎತ್ತಬೇಕು. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗಾದರೋ ಯಾವ ತಿದ್ದುಪಡಿಗೂ ಕಾಯುವ ಅಗತ್ಯವಿಲ್ಲ. ಪರವಾನಗಿ ಸಂಖ್ಯೆಯಿಲ್ಲದ ಶೀಶೆಗಳನ್ನು ವಶಪಡಿಸಿಕೊಂಡು ಪರೀಕ್ಷೆಗೆ ಕಳಿಸುವ ಅಧಿಕಾರ ಅವರಿಗೆ ಇಂದೇ ಇದೆ. ಜಾತ್ರೆಯ ಅಂಗಡಿಗಳು ಬಿಚ್ಚಿಕೊಳ್ಳುವ ಮೊದಲ ದಿನವೇ ಅವರು ಬಂದರೆ, ಬಿಲ್ಲು ಇಟ್ಟುಕೊಂಡು ಮಾರುವ ನಮ್ಮಂಥವರ ಆಕ್ಷೇಪವೇನೂ ಇರುವುದಿಲ್ಲ.

ತಮ್ಮ ವಿಶ್ವಾಸಿ,
ಬಳೆ ಅಂಗಡಿಯ ಒಬ್ಬ ವ್ಯಾಪಾರಿ, ಶಿರಸಿ